ದೇವರಕಾಡನ್ನು ಕಾದದ್ದು ಭಯವೊಂದೇ ಅಲ್ಲ

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗಿನ ಒಂದು ಊರು. ಊರಿನ ಅಯ್ಯಪ್ಪ ದೇವರಕಾಡು ಹಳೆಯ ಲೆಕ್ಕದಲ್ಲಿ 11 ಎಕರೆ. ಈಗ ಕಣ್ಣಳತೆಗೆ ಏಳೂ ಇರಲಾರದು. ಸುತ್ತಲಿನ ತೋಟದವರ ಬೇಲಿ ವರ್ಷವರ್ಷವೂ ಒಳಕ್ಕೆ ಸರಿಯುತ್ತಿದೆ, ಸೌದೆಗೆ ಜನ ನುಗ್ಗುತ್ತಾರೆ. ದೇವಸ್ಥಾನ ಸಮಿತಿಯವರು ಕಾಡಿನ ನಡುವೆ ಕಾಂಕ್ರೀಟ್ ಗುಡಿ, ಊಟದ ಹಾಲ್ ಮತ್ತು ರಸ್ತೆ ಮಾಡಬೇಕೆಂದಿದ್ದಾರೆ. ಹಿರಿಯರು "ದೇವರ ಭಯ ಹೋಯಿತು, ಅದರ ಜೊತೆ ನೀತಿಯೂ ಹೋಯಿತು" ಎನ್ನುತ್ತಾರೆ. ಹುಡುಗರು "ಭಯಕ್ಕೆ ಹುಟ್ಟಿದ್ದು ನೀತಿಯೇ ಅಲ್ಲ, ಕಾನೂನು ಸಾಕು" ಎನ್ನುತ್ತಾರೆ. ಯಾರ ಮಾತು ಸರಿ? ಧರ್ಮವಿಲ್ಲದೆ ಊರಿನ ನೀತಿ ನಿಲ್ಲುತ್ತದೆಯೇ? ನಾವೀಗ ಮಾಡಬೇಕಾದ್ದೇನು?

ಉತ್ತರ: ಹಿರಿಯರ ಮಾತಿನಲ್ಲೂ ಹುಡುಗರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಮೊದಲು ಹಿರಿಯರ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ.

ಸರ್ಕಾರಿ ದಾಖಲೆಗಳನ್ನು ಹೋಲಿಸಿ ಮಾಡಿದ ಅಧ್ಯಯನದ ಪ್ರಕಾರ 1905ರಲ್ಲಿ ಕೊಡಗಿನ ದೇವರಕಾಡುಗಳ ಒಟ್ಟು ವಿಸ್ತೀರ್ಣ 15,506 ಎಕರೆ. 1985ಕ್ಕೆ ಉಳಿದದ್ದು 6,299 ಎಕರೆ. ಅಂದರೆ 80 ವರ್ಷಗಳಲ್ಲಿ ಐದರಲ್ಲಿ ಮೂರು ಪಾಲು ಹೋಯಿತು. ಈ 80 ವರ್ಷ ಯಾರ ಕಾಲ ಎಂದು ಯೋಚಿಸಿ. ಇಂದಿನ ಹಿರಿಯರ ಅಜ್ಜಂದಿರ, ತಂದೆಯರ ಕಾಲ. ಹರಕೆಗೆ ಮಣ್ಣಿನ ನಾಯಿ ತಂದು ಅಯ್ಯಪ್ಪನ ಮುಂದೆ ಇಡುವುದು ತಪ್ಪದಿದ್ದ ಕಾಲ, ಹಬ್ಬಕ್ಕೆ ಕಟ್ಟು (ಹಬ್ಬ ಮುಗಿಯುವವರೆಗಿನ ನಿಷೇಧ) ಹಾಕಿದರೆ ಊರಿಗೆ ಊರೇ ಪಾಲಿಸುತ್ತಿದ್ದ ಕಾಲ. ದೇವರ ಭಯಕ್ಕೆ ಆಗ ಕೊರತೆ ಇರಲಿಲ್ಲ. ಆದರೂ ಕಾಡಿನ ಬಹುಪಾಲು ಕರಗಿದ್ದು ಆಗಲೇ. ಇಂದಿನ ಹುಡುಗರ ಕಾಲಕ್ಕೆ ಸಿಕ್ಕಿದ್ದು ಉಳಿಕೆ ಮಾತ್ರ. ಆದ್ದರಿಂದ "ಭಯ ಹೋಯಿತು, ಕಾಡು ಹೋಯಿತು" ಎಂಬ ಸರಳ ಲೆಕ್ಕ ತಾಳೆಯಾಗುವುದಿಲ್ಲ.

ಹಾಗಾದರೆ ಏನಾಯಿತು? 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲೆ ಕಾಫಿ ತೋಟ ಹಬ್ಬಿತು. ಕಾಡು ನೆಲಕ್ಕೆ ಬೆಲೆ ಬಂತು. ದೇವರಕಾಡಿನ ಮೇಲೆ ಊರಿಗಿದ್ದ ಅಧಿಕಾರ ಸರ್ಕಾರಿ ಕಡತಗಳಿಗೆ ಹೋಯಿತು. ನೆಲದ ಬಗೆಗಳಿಗೆ ಕಡತಗಳಲ್ಲಿದ್ದ ಜಮ್ಮಾ, ಬಾಣೆ, ಪೈಸಾರಿ, ಊರುಡುವೆ ಎಂಬ ಬೇರೆ ಬೇರೆ ಹೆಸರುಗಳ ನಡುವೆ ದೇವರಕಾಡೂ ಒಂದು ಹೆಸರಾಗಿ ನಿಂತಿತು. ಕಡಿದರೆ ಯಾರಿಗೆ ಉತ್ತರ ಹೇಳಬೇಕು ಎಂಬುದು ಸ್ಪಷ್ಟವಿಲ್ಲದ ಜಾಗದಲ್ಲಿ ಭಯ ಹೆಚ್ಚು ದಿನ ಬಾಳುವುದಿಲ್ಲ. ಮೊದಲು ಒಬ್ಬ ಕಡಿದ, ಅವನಿಗೆ ಏನೂ ಆಗಲಿಲ್ಲ. ಅವನ ತೋಟ ದೊಡ್ಡದಾಯಿತು, ಮಕ್ಕಳು ಚೆನ್ನಾಗಿ ಓದಿದರು. ಅದನ್ನು ನೋಡಿದ ಎರಡನೆಯವನು ಕತ್ತಿ ಹಿಡಿದ. ದೇವರ ಶಿಕ್ಷೆಯೊಂದನ್ನೇ ನಂಬಿ ಕೂತ ಊರಿನ ನಿಯಮ ಇಂಥ ಮೊದಲ ಪರೀಕ್ಷೆಯಲ್ಲೇ ಸೋಲುತ್ತದೆ.

ಹಳೆಯ ವ್ಯವಸ್ಥೆ ಗಟ್ಟಿಯಾಗಿದ್ದ ಊರುಗಳಲ್ಲಿ ಭಯದ ಕೆಳಗೆ ಬೇರೆ ಆಧಾರಗಳಿದ್ದವು. ಎಲ್ಲೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು: ಈ ತೋಡಿನಿಂದ ಆ ಬಂಡೆ, ಅಲ್ಲಿಂದ ಆ ಗೋಳಿಮರ. ಕಾಡನ್ನು ನೋಡಿಕೊಳ್ಳುವ ಹೊಣೆ ಹೆಸರು ಹಿಡಿದು ತಕ್ಕರ (ಊರಿನ, ದೇವರ ಕೆಲಸದ ವಂಶಪಾರಂಪರ್ಯ ಮುಖ್ಯಸ್ಥರ) ಮೇಲಿತ್ತು: ದೇವತಕ್ಕರು, ಊರುತಕ್ಕರು, ಹಣ ಮತ್ತು ಒಡವೆ ಕಾಯುವ ಭಂಡಾರತಕ್ಕರು. ತಕ್ಕಾಮೆ, ಅಂದರೆ ತಕ್ಕರ ಪದವಿ, ಒಂದು ಒಕ್ಕಕ್ಕೆ (ಮನೆತನಕ್ಕೆ) ಸೇರಿದ್ದರಿಂದ ಹೊಣೆ ಮುಂದಿನ ತಲೆಗೂ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬದ ನೆಪದಲ್ಲಿ ಇಡೀ ಊರು ಕಾಡಿನೊಳಗೆ ನಿಂತು ಅದನ್ನು ಕಣ್ಣಾರೆ ನೋಡುತ್ತಿತ್ತು. ಹೊಸದಾಗಿ ಬಿದ್ದ ಬುಡ ಇದ್ದರೆ ಅಲ್ಲೇ ಮಾತಾಗುತ್ತಿತ್ತು. ಕೊನೆಯದಾಗಿ, ತಪ್ಪು ಮಾಡಿದವನಿಗೆ ಮರಳುವ ದಾರಿ ಇತ್ತು. ತಪ್ಪು ಕಾಣಿಕೆ ಕಟ್ಟಿ, ಅಡ್ಡಬಿದ್ದು, ಪ್ರಸಾದ ತಗೊಂಡರೆ ಅವನು ಮತ್ತೆ ಊರವನೇ. ಈ ನಾಲ್ಕನೆಯದನ್ನು ನಾವು ಬಹಳ ಸುಲಭವಾಗಿ ಮರೆಯುತ್ತೇವೆ. ನನ್ನ ಲೆಕ್ಕದಲ್ಲಿ ಧರ್ಮ ಊರಿಗೆ ಕೊಟ್ಟ ದೊಡ್ಡ ಉಪಕಾರ ಇದು. ಪೊಲೀಸು, ಕೋರ್ಟು ಶಿಕ್ಷೆ ಕೊಡಬಲ್ಲವು. ತಪ್ಪಿತಸ್ಥನನ್ನು ಮತ್ತೆ ಪಂಕ್ತಿಗೆ ಕೂರಿಸುವುದು ಅವುಗಳ ಕೆಲಸದಲ್ಲಿಲ್ಲ.

ಹಬ್ಬದ ಕಟ್ಟನ್ನೇ ತೆಗೆದುಕೊಳ್ಳಿ. ಕಟ್ಟು ಬಿದ್ದ ದಿನದಿಂದ ಹಬ್ಬ ಮುಗಿಯುವವರೆಗೆ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಮಾಂಸ ತಿನ್ನುವಂತಿಲ್ಲ, ಮದುವೆ ಮಾಡುವಂತಿಲ್ಲ. ಊರಿಂದೂರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ನಷ್ಟವಾಗುವ, ತೊಂದರೆ ಕೊಡುವ ನಿಯಮಗಳಿವು. ಅದಕ್ಕೇ ಅವು ಕೆಲಸ ಮಾಡುತ್ತವೆ. ಪಕ್ಕದ ಮನೆಯವರೂ ಇಷ್ಟೇ ದಿನ ಇಷ್ಟೇ ಕಷ್ಟ ಸಹಿಸುತ್ತಿದ್ದಾರೆ ಎಂಬುದು ಕಣ್ಣಿಗೆ ಕಾಣುವಾಗ, ಬೇರೆ ವಿಷಯಗಳಲ್ಲೂ ಅವರನ್ನು ನಂಬಬಹುದು ಎಂಬ ಧೈರ್ಯ ಬರುತ್ತದೆ.

ಇದಕ್ಕೆ ದೂರದ ಸಾಕ್ಷಿಯೊಂದಿದೆ. 19ನೇ ಶತಮಾನದ ಅಮೆರಿಕದಲ್ಲಿ ಆಸ್ತಿ, ದುಡಿಮೆ ಎಲ್ಲವನ್ನೂ ಹಂಚಿಕೊಂಡು ಒಟ್ಟಿಗೆ ಬಾಳುವ ನೂರಾರು ಸಮುದಾಯಗಳು ಹುಟ್ಟಿದವು. ಕೆಲವಕ್ಕೆ ಧರ್ಮ ಆಧಾರ, ಕೆಲವಕ್ಕೆ ಸಮತೆಯಂಥ ಲೌಕಿಕ ಆದರ್ಶ. ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಇವುಗಳ ಆಯಸ್ಸನ್ನು ಲೆಕ್ಕ ಹಾಕಿದಾಗ, ಯಾವುದೇ ಒಂದು ವರ್ಷ ಹಿಡಿದರೂ ಧಾರ್ಮಿಕ ಸಮುದಾಯ ಉಳಿಯುವ ಸಾಧ್ಯತೆ ಲೌಕಿಕ ಸಮುದಾಯದ ನಾಲ್ಕು ಪಟ್ಟಿನವರೆಗೂ ಇತ್ತು. ಮುಂದಿನ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡಿತು. ಊಟ, ಉಡುಪು, ಕುಡಿತದ ಮೇಲೆ ಕಟ್ಟುನಿಟ್ಟು ಹೆಚ್ಚಿದಷ್ಟೂ ಧಾರ್ಮಿಕ ಸಮುದಾಯ ಹೆಚ್ಚು ಕಾಲ ಬಾಳಿತು. ಅದೇ ಕಟ್ಟುನಿಟ್ಟು ಲೌಕಿಕ ಸಮುದಾಯಗಳಿಗೆ ಆಯಸ್ಸು ತಂದುಕೊಡಲಿಲ್ಲ. ನಿಯಮ ಪವಿತ್ರ ಎನಿಸಿದಾಗ ಅದರ ಲಾಭನಷ್ಟವನ್ನು ಜನ ದಿನಾ ತೂಗಿ ನೋಡುವುದಿಲ್ಲ. ಬರೀ ಅನುಕೂಲಕ್ಕೆ ಮಾಡಿಕೊಂಡ ನಿಯಮವನ್ನು ಅನುಕೂಲ ತಪ್ಪಿದ ದಿನವೇ ಬಿಡುತ್ತಾರೆ. ಹಿರಿಯರ ಮಾತಿನಲ್ಲಿ ಸತ್ಯ ಇರುವುದು ಇಲ್ಲಿ.

ಇನ್ನು ಹುಡುಗರ ಮಾತು. ಧರ್ಮವಿಲ್ಲದೆ ನೀತಿ ಸಾಧ್ಯವೇ ಎಂದರೆ, ಸಾಧ್ಯ. ಡೆನ್ಮಾರ್ಕಿನಲ್ಲಿ ಚರ್ಚಿಗೆ ವಾರವಾರ ಹೋಗುವವರು ಬಹಳ ಕಡಿಮೆ. ಆದರೂ ಅಪರಿಚಿತರನ್ನು ನಂಬುವುದರಲ್ಲಿ ಆ ದೇಶ ಜಗತ್ತಿನಲ್ಲೇ ಮೇಲಿನ ಸಾಲಿನಲ್ಲಿದೆ. ಅಲ್ಲಿ ಹಳೆಯ ಧಾರ್ಮಿಕ ವ್ಯವಸ್ಥೆಯ ಕೆಲಸವನ್ನು ನಂಬಿಕೆಗೆ ಅರ್ಹವಾದ ಕಂದಾಯ ಕಚೇರಿ, ಕೋರ್ಟು, ಶಾಲೆಗಳು ವಹಿಸಿಕೊಂಡಿವೆ. ನಿಮ್ಮ ಹುಡುಗರು "ಕಾನೂನು ಸಾಕು" ಎನ್ನುವಾಗ ಇಂಥ ಕಚೇರಿಗಳನ್ನು ಕಲ್ಪಿಸಿಕೊಂಡಿರುತ್ತಾರೆ. ಆದರೆ ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಒಟ್ಟು ಸುಮಾರು 2,550 ಹೆಕ್ಟೇರ್, ಸರಾಸರಿ ಒಂದಕ್ಕೆ ಐದು ಎಕರೆ ಚಿಲ್ಲರೆ. ತೋಟಗಳ ನಡುವೆ ಚೂರುಚೂರಾಗಿ ಹರಡಿರುವ ಇಷ್ಟು ತುಣುಕುಗಳಿಗೆ ಒಬ್ಬೊಬ್ಬ ಗಾರ್ಡನ್ನು ನಿಲ್ಲಿಸಲು ಯಾವ ಇಲಾಖೆಗೂ ಆಗದು. ಕಾನೂನು ಬೇಕೇ ಬೇಕು. ಅದರ ಕಣ್ಣು ಮಾತ್ರ ಊರೇ ಆಗಬೇಕು.

ಧರ್ಮದ ಕೆಲಸವನ್ನು ಮೂಢನಂಬಿಕೆ ಎಂದು ಬದಿಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಲಿ ದ್ವೀಪದ ಗದ್ದೆಗಳಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ 'ಸುಬಾಕ್' ಎಂಬ ನೀರು ಹಂಚಿಕೆಯ ರೈತ ಸಂಘಗಳಿವೆ. ಯಾವ ಬಯಲಿಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಎಂಬುದು ನೀರಿನ ದೇವಾಲಯಗಳ ಪೂಜೆಯ ಪಂಚಾಂಗದ ಜೊತೆ ಹೆಣೆದುಕೊಂಡಿದೆ. 1970ರ ದಶಕದಲ್ಲಿ ಹೊಸ ಭತ್ತದ ತಳಿ ಬಂದಾಗ ಸರ್ಕಾರ, ಈ ಪಂಚಾಂಗ ಬಿಟ್ಟು ಆದಷ್ಟು ಹೆಚ್ಚು ಬೆಳೆ ತೆಗೆಯಿರಿ ಎಂದಿತು. ಪ್ರತಿಯೊಬ್ಬ ತನಗೆ ಬೇಕಾದಾಗ ನಾಟಿ ಮಾಡಿದ. ವರ್ಷವಿಡೀ ಎಲ್ಲೋ ಒಂದು ಕಡೆ ಹಸಿರು ಪೈರು ಇದ್ದೇ ಇದ್ದುದರಿಂದ ಕೀಟ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾರಿ ಬದುಕಿತು. ನೀರಿನ ಜಗಳ ಬೇರೆ. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದರ ಒಳಗುಟ್ಟನ್ನು ಬಿಡಿಸಿದರು. ಮೇಲಿನ ಗದ್ದೆಯವನಿಗೆ ನೀರಿನ ಚಿಂತೆಯಿಲ್ಲ, ಕೀಟದ ಚಿಂತೆ. ಕೆಳಗಿನವನಿಗೆ ನೀರಿನ ಚಿಂತೆ. ಕೆಳಗಿನವರೂ ತನ್ನ ಜೊತೆಗೇ ಗದ್ದೆ ಖಾಲಿ ಬಿಟ್ಟರೆ ಮೇಲಿನವನ ಕೀಟ ಸಾಯುತ್ತದೆ. ಅದಕ್ಕಾಗಿ ಅವನು ನೀರು ಬಿಡಲು ಒಪ್ಪುತ್ತಾನೆ. ಪರಸ್ಪರ ಅಗತ್ಯ ಮೊದಲೇ ಇತ್ತು. ಎಲ್ಲರನ್ನೂ ಒಂದೇ ದಿನಕ್ಕೆ ಒಪ್ಪಿಸುವ ಕೆಲಸ ದೇವಾಲಯದ್ದಾಗಿತ್ತು. 2012ರಲ್ಲಿ ಯುನೆಸ್ಕೋ ಸುಬಾಕ್ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗಾಗಿ ನಿಮ್ಮೂರಿನಲ್ಲಿ ಕೇಳಬೇಕಾದ ಪ್ರಶ್ನೆ ಹುಡುಗರು ದೇವರನ್ನು ನಂಬುತ್ತಾರೋ ಇಲ್ಲವೋ ಎಂಬುದಕ್ಕಿಂತ ಬೇರೆ. ಎಲ್ಲೆ, ಹೊಣೆ, ನೋಟ, ತಪ್ಪಿನಿಂದ ಮರಳುವ ದಾರಿ: ಈ ನಾಲ್ಕರಲ್ಲಿ ಯಾವುದು ಮುರಿದಿದೆ? ನಿಮ್ಮ ಪತ್ರ ಓದಿದರೆ ನಾಲ್ಕೂ ಮುರಿದಂತಿವೆ. ರಿಪೇರಿ ಎಲ್ಲೆಯಿಂದ ಶುರುವಾಗಬೇಕು.

ಎಲ್ಲೆ ಯಾಕೆ ಮೊದಲು ಎಂಬುದಕ್ಕೆ ಒಂದು ಲೆಕ್ಕ. ಕಾಡಿನ ಅಂಚಿಗೆ ಬಿಸಿಲು, ಗಾಳಿ, ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ ಎಲ್ಲ ನುಗ್ಗುತ್ತವೆ. ಈ ಅಂಚು 20 ಮೀಟರ್ ಎಂದು ಹಿಡಿಯೋಣ. 11 ಎಕರೆ ಚೌಕದ ಒಂದು ಬದಿ ಸುಮಾರು 211 ಮೀಟರ್. ಸುತ್ತ 20 ಮೀಟರ್ ಕಳೆದರೆ ಕಾಡಿನ ಮೂರನೇ ಒಂದು ಪಾಲು ಅಂಚು, ಉಳಿದದ್ದು ನಿಜವಾದ ಒಳಗಾಡು. ಅದೇ ಕಾಡು ನಾಲ್ಕು ಎಕರೆಗೆ ಇಳಿದರೆ ಅರ್ಧಕ್ಕಿಂತ ಹೆಚ್ಚು ಅಂಚೇ ಆಗುತ್ತದೆ. ಒಂದು ಎಕರೆಗೆ ಬಂದರೆ ನೂರಕ್ಕೆ 86 ಪಾಲು ಅಂಚು, ಅಂದರೆ ಕಾಡೇ ಇಲ್ಲ, ಮರಗಳ ಗುಂಪು ಮಾತ್ರ. ನೆರೆಯವರು ವರ್ಷಕ್ಕೆ ಒಂದು ಮಾರು ಬೇಲಿ ಸರಿಸಿದಾಗ ಅಷ್ಟಗಲದ ನೆಲದ ಜೊತೆ ಕಾಡಿನ ಒಡಲೂ ಕುಗ್ಗುತ್ತದೆ.

ಈ ಲೆಕ್ಕವನ್ನೇ ಊಟದ ಹಾಲಿಗೂ ಹಾಕಿ ಸಮಿತಿಯವರ ಮುಂದಿಡಿ. ಹಾಲ್, ಅಡುಗೆಮನೆ, ವಾಹನ ನಿಲ್ಲಿಸುವ ಅಂಗಳ ಸೇರಿ ಅರ್ಧ ಎಕರೆ ಸಾಕು ಎನ್ನುತ್ತಾರೆ. ಅರ್ಧ ಎಕರೆ ಚೌಕದ ಬದಿ 45 ಮೀಟರ್. ಸುತ್ತ 20 ಮೀಟರ್ ಹೊಸ ಅಂಚು ಸೇರಿಸಿದರೆ 85 ಮೀಟರ್ ಚೌಕ, ಅಂದರೆ ಸುಮಾರು 1.8 ಎಕರೆ ಕೆಡುತ್ತದೆ. ರಸ್ತೆ ಇದರ ಮೇಲೆ ಬೇರೆ, ರಸ್ತೆಗೆ ಎರಡು ಕಡೆಯೂ ಅಂಚು.

ಕಾನೂನಿನ ಮಾತೂ ಇದೆ. ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದಿರುವ ಯಾವ ನೆಲಕ್ಕೂ, ಒಡೆತನ ಯಾರದೇ ಇರಲಿ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತು. ಅಂಥ ನೆಲದಲ್ಲಿ ಹಾಲ್ ಕಟ್ಟುವುದು ಅರಣ್ಯೇತರ ಬಳಕೆ, ಕೇಂದ್ರ ಸರ್ಕಾರದ ಮುಂಚಿತ ಅನುಮತಿ ಬೇಕು. ಅದೇ ಪ್ರಕರಣದ ಮುಂದುವರಿಕೆಯಾಗಿ 2024ರ ಡಿಸೆಂಬರಿನಲ್ಲಿ ರಾಜಸ್ಥಾನದ 'ಓರಣ್' ಎಂಬ ದೇವರಕಾಡುಗಳನ್ನು ಸರ್ವೆ ಮಾಡಿ ಅಧಿಸೂಚಿಸಿ ಎಂದು ಕೋರ್ಟ್ ಆ ರಾಜ್ಯಕ್ಕೆ ಆದೇಶಿಸಿತು. ದೇಶದ ಎಲ್ಲ ಪವಿತ್ರ ವನಗಳಿಗೆ ಒಂದು ನೀತಿ ಮಾಡುವಂತೆ ಕೇಂದ್ರಕ್ಕೂ ಸೂಚಿಸಿತು. ಆದರೆ ಸಮಿತಿಯ ಸಭೆಯಲ್ಲಿ ಕಾನೂನನ್ನು ಮೊದಲು ಎತ್ತಬೇಡಿ. ಭಕ್ತಿಯಿಂದ ದುಡ್ಡು ಕೂಡಿಸಿದವರಿಗೆ ಅದು ಬೆದರಿಕೆಯಂತೆ ಕೇಳಿಸುತ್ತದೆ. ಮರದಡಿಯ ಕಲ್ಲಿನಿಂದ ಗೋಪುರದ ಗುಡಿಗೆ ಹೋಗುವುದೇ ದೇವರಿಗೆ ಗೌರವ ಎಂಬ ಭಾವನೆ ಇತ್ತೀಚಿನದು, ಗಟ್ಟಿಯಾದದ್ದು. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಇದೇ ಭಾವನೆಯಿಂದ ಬನ ಹೋಗಿ ಸಿಮೆಂಟಿನ ಕಟ್ಟೆ ಮಾತ್ರ ಉಳಿದಿದೆ. ಅದಕ್ಕೆ ಉತ್ತರವೂ ಭಕ್ತಿಯ ಭಾಷೆಯಲ್ಲೇ ಇರಲಿ. ದಕ್ಷಿಣ ಕನ್ನಡದ ಸೌತಡ್ಕದ ಮಹಾಗಣಪತಿಗೆ ಗರ್ಭಗುಡಿಯೂ ಇಲ್ಲ, ಮಾಡೂ ಇಲ್ಲ. ಬಯಲಲ್ಲೇ ಪೂಜೆ, ಭಕ್ತರು ಕಡಿಮೆಯೇನಿಲ್ಲ. ಸಮಿತಿ ದೇವರ ಇಚ್ಛೆ ತಿಳಿಯಲು ಜ್ಯೋತಿಷಿಯಿಂದ ಪ್ರಶ್ನೆ ಇಡಿಸುವುದಾದರೆ "ಗುಡಿ ಎಲ್ಲಿ ಕಟ್ಟಬೇಕು" ಎಂದು ಕೇಳುವ ಬದಲು "ದೇವರು ಕಾಡಿನಲ್ಲೇ ಇರಲು ಇಷ್ಟಪಡುತ್ತಾನೆಯೇ" ಎಂದು ಕೇಳಲಿ. ಕೇಳುವ ರೀತಿಯಲ್ಲೇ ಅರ್ಧ ಉತ್ತರ ಅಡಗಿರುತ್ತದೆ. ಹಾಲ್ ಬೇಕೇ ಬೇಕೆಂದರೆ ಕಾಡಿನ ಹೊರಗೆ, ರಸ್ತೆ ಬದಿಯಲ್ಲಿ, ಯಾರಾದರೂ ದಾನ ಕೊಟ್ಟ ಖಾಸಗಿ ನೆಲದಲ್ಲಿ ಆಗಲಿ. ಆ ದಾನಿಯ ಹೆಸರನ್ನು ದೊಡ್ಡದಾಗಿ ಬರೆಸಿ.

ಎಲ್ಲೆ ಗುರುತಿಸುವ ಕ್ರಮ ಹೀಗೆ. ಪಹಣಿ, ಗ್ರಾಮ ನಕಾಶೆ, ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಈ ನಾಲ್ಕರ ನಕಲನ್ನು ತಾಲ್ಲೂಕಿನ ಭೂದಾಖಲೆ ಕಚೇರಿಯಿಂದ ತೆಗೆಸಿ. ನಾಲ್ಕರಲ್ಲೂ ವಿಸ್ತೀರ್ಣ ಒಂದೇ ಇದೆಯೇ ನೋಡಿ. ವ್ಯತ್ಯಾಸ ಇದ್ದರೆ ಅಳತೆಗೆ ಮುಂಚೆಯೇ ಲಿಖಿತವಾಗಿ ಕೇಳಬೇಕು. ಅಳತೆ ಆದ ಮೇಲೆ ಕೇಳಿದರೆ ನೆರೆಯವರ ವಿರುದ್ಧದ ಹಟದಂತೆ ಕಾಣುತ್ತದೆ. ಆಮೇಲೆ ಹದ್ದುಬಸ್ತಿಗೆ, ಅಂದರೆ ಅಳೆದು ಎಲ್ಲೆ ಗುರುತಿಸುವುದಕ್ಕೆ, ಅರ್ಜಿ ಹಾಕಿ, ಅರಣ್ಯ ಇಲಾಖೆಯ ವಲಯ ಕಚೇರಿಗೂ ಪ್ರತಿ ಕೊಡಿ. ಜನವರಿಯಿಂದ ಮಾರ್ಚ್ ಒಳಗೆ ಅಳತೆ ಆಗುವಂತೆ ನೋಡಿಕೊಳ್ಳಿ. ಮಳೆ ಹಿಡಿದ ಮೇಲೆ ಕೊಡಗಿನ ಇಳಿಜಾರಿನಲ್ಲಿ ಸರಪಳಿ ಎಳೆಯುವುದು ಕಷ್ಟ. ಅಳತೆಯ ದಿನ ಸುತ್ತಲಿನ ಎಲ್ಲ ತೋಟದವರನ್ನೂ ಮನೆಗೆ ಹೋಗಿ ಕರೆಯಿರಿ, ನೋಟಿಸ್ ಸಾಲದು. ನಿಮ್ಮ ಕಾಡಿನ ಸುತ್ತಳತೆ ಚೌಕದ ಲೆಕ್ಕದಲ್ಲಿ 844 ಮೀಟರ್. ಹತ್ತು ಮೀಟರಿಗೊಂದರಂತೆ ಸುಮಾರು 85 ಕಲ್ಲು ಬೇಕು. ಅಂಕುಡೊಂಕು ಹೆಚ್ಚಿದ್ದರೆ ನೂರು ದಾಟಬಹುದು. ಪ್ರತಿ ಕಲ್ಲಿಗೂ ನಂಬರ್ ಕೆತ್ತಿಸಿ. ಕಾಂಪೌಂಡ್ ಗೋಡೆ ಬೇಡ. ಪ್ರಾಣಿಗಳ ಓಡಾಟ ನಿಲ್ಲುತ್ತದೆ, ಒಳಗೆ ನಡೆಯುವುದು ಊರಿನ ಕಣ್ಣಿಗೂ ಬೀಳುವುದಿಲ್ಲ.

ಒತ್ತುವರಿ ಎಂದು ಗೊತ್ತಾದ ನೆಲದ ವಿಷಯದಲ್ಲಿ ಅವಸರ ಬೇಡ. ಅಳತೆ ಆದ ವರ್ಷ ಎಲ್ಲೆಯಷ್ಟೇ ನಿಲ್ಲಲಿ. ಒತ್ತುವರಿ ಮಾಡಿದವರಿಗೆ ತಾವಾಗಿಯೇ ಬಿಟ್ಟುಕೊಡಲು ಒಂದು ಹಬ್ಬದಿಂದ ಮುಂದಿನ ಹಬ್ಬದವರೆಗೆ ಸಮಯ ಕೊಡಿ. ಬಿಟ್ಟವರ ಹೆಸರನ್ನು ದೇವರ ಮುಂದೆ, ಊರ ಮುಂದೆ ಗೌರವದಿಂದ ಹೇಳಿ. ಧರ್ಮದ ಹಳೆಯ ಶಕ್ತಿ ಇನ್ನೂ ಉಳಿದಿರುವುದು ಇಂಥ ಕಡೆಯಲ್ಲಿ. ತಹಶೀಲ್ದಾರರ ಆದೇಶಕ್ಕೆ ಬಾಗದವನು ದೇವರ ನಡೆಯಲ್ಲಿ (ದೇವರ ಮುಂದಿನ ಜಾಗದಲ್ಲಿ) ಸುಲಭವಾಗಿ ಬಾಗಬಲ್ಲ, ಯಾಕೆಂದರೆ ಅಲ್ಲಿ ಬಾಗಿದರೆ ಮಾನ ಹೋಗುವುದಿಲ್ಲ. ಅವಧಿ ಮೀರಿದ ಮೇಲೂ ಬಿಡದಿದ್ದರೆ ಕಾನೂನಿನ ದಾರಿ.

ಹೊಣೆಯ ವಿಷಯಕ್ಕೆ ಬಂದರೆ, ತಕ್ಕರನ್ನು ಬದಿಗಿಡಬೇಡಿ, ಅವರೊಬ್ಬರ ಮೇಲೆಯೇ ಹೊರಿಸಲೂ ಬೇಡಿ. ಒಕ್ಕದ ಮಕ್ಕಳು ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇದ್ದಾಗ ವಂಶದ ಹೊಣೆ ಹೆಸರಿಗೆ ಉಳಿಯುತ್ತದೆ. ತಕ್ಕರ ಜೊತೆ ಊರಲ್ಲೇ ಇರುವ ಏಳೆಂಟು ಜನರ ಗುಂಪು ಬೇಕು. ಅದರಲ್ಲಿ ಯಾರಿರಬೇಕು ಎಂಬುದೇ ಈ ಇಡೀ ವಿಷಯದ ನೀತಿಯ ತಿರುಳು.

ಹಳೆಯ ವ್ಯವಸ್ಥೆಯನ್ನು ಹೊಗಳುವವರು ಸಾಮಾನ್ಯವಾಗಿ ಬಿಡುವ ಮಾತೊಂದಿದೆ. ಧರ್ಮ ಜನರನ್ನು ಒಟ್ಟು ಮಾಡುವಾಗ ಸುತ್ತ ಒಂದು ಗೆರೆಯನ್ನೂ ಎಳೆಯುತ್ತದೆ. ಮಡಿಯ ಹೆಸರಲ್ಲಿ ಹೊರಗೆ ನಿಂತದ್ದು ಕೊಡಲಿಯೋ, ಮನುಷ್ಯರೋ? ಹಲವು ಊರುಗಳಲ್ಲಿ ಎರಡೂ. ಯರವ, ಕುರುಬ ಆದಿವಾಸಿಗಳು ಈ ಕಾಡುಗಳನ್ನು ಬೇರೆಯವರಿಗಿಂತ ಹೆಚ್ಚು ಬಲ್ಲವರು. ಹಬ್ಬಗಳಲ್ಲಿ ಅವರಿಗೆ ಸೇವೆಯ ಕೆಲಸ ಇತ್ತು, ತೀರ್ಮಾನದ ಜಾಗದಲ್ಲಿ ಕುರ್ಚಿ ಇರಲಿಲ್ಲ. ಹೆಂಗಸರಿಗೂ ಅಷ್ಟೇ. ಇಂದು ಸೌದೆಗೆ ಕಾಡಿಗೆ ಬರುವವರಲ್ಲಿ ಹೆಚ್ಚಿನವರು ತೋಟಗಳ ಲೈನ್ ಮನೆಗಳಲ್ಲಿ ಇರುವ, ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದ ಕೂಲಿಗಳು. ನಿಮ್ಮ ಕಟ್ಟಿಗೆ ಅವರು ಎಂದೂ ಒಪ್ಪಿಗೆ ಕೊಟ್ಟಿಲ್ಲ, ಅವರನ್ನು ಯಾರೂ ಕೇಳಿಲ್ಲ. ತನ್ನನ್ನು ಸೇರಿಸಿಕೊಳ್ಳದ ನಿಯಮವನ್ನು ಯಾರೂ ಮನಸಾರೆ ಪಾಲಿಸುವುದಿಲ್ಲ. ಗುಂಪಿನಲ್ಲಿ ಆದಿವಾಸಿ ಹಾಡಿಯಿಂದ ಇಬ್ಬರು, ಲೈನ್ ಮನೆಗಳಿಂದ ಒಬ್ಬರು, ಹೆಂಗಸರು ಕನಿಷ್ಠ ಮೂವರು ಇರಲಿ. ಹಬ್ಬದ ಊಟದಲ್ಲಿ ಪಂಕ್ತಿ ಒಂದೇ ಆಗಲಿ. ಇದರಲ್ಲಿ ರಾಜಿ ಮಾಡಿಕೊಂಡರೆ ಮಿಕ್ಕ ಯಾವ ನಿಯಮವೂ ನಿಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೌದೆಗೆ ಬದಲಿ ಕೊಡದೆ "ಕಾಡಿಗೆ ಬರಬೇಡಿ" ಎಂದರೆ ಅದು ಬಡವರ ಮೇಲೆ ಮಾತ್ರ ಬೀಳುವ ನಿಯಮ. ಒಂದು ವಾರ ಲೈನ್ ಮನೆಗಳ ಸೌದೆಯನ್ನು ತೂಗಿ ನಿಜವಾದ ಬೇಡಿಕೆ ತಿಳಿಯಿರಿ. ಮರಗಸಿ ಮಾಡಿದಾಗ, ಅಂದರೆ ತೋಟದ ನೆರಳುಮರಗಳನ್ನು ಸವರಿದಾಗ, ಬೀಳುವ ಸಿಲ್ವರ್ ಓಕ್, ಹಾಲುವಾಣದ ಕೊಂಬೆಗಳನ್ನು ತೋಟದ ಮಾಲೀಕರು ಕತ್ತರಿಸಿ ಲೈನಿನ ಹತ್ತಿರ ಒಟ್ಟಿಸಿಕೊಡಲಿ. ಮರಗಸಿ ವರ್ಷಕ್ಕೊಮ್ಮೆ, ಒಲೆ ದಿನಾ. ಆದ್ದರಿಂದ ಮಳೆಗೆ ನೆನೆಯದಂತೆ ಮಾಡಿನ ಕೆಳಗೆ ಒಟ್ಟಬೇಕು. ಇದನ್ನು ಮರೆತ ಕಡೆ ಜೂನ್ ಹೊತ್ತಿಗೆ ಸೌದೆ ಹುಳು ಹಿಡಿದು, ಜನ ಮತ್ತೆ ಕಾಡಿಗೇ ಹೋಗುತ್ತಾರೆ.

ನಿಯಮ ಬರೆಯುವಾಗ ಚಿಕ್ಕದಾಗಿರಲಿ, ಅಕ್ಷರ ಬಾರದವರಿಗೂ ನೆನಪಿರುವಂತಿರಲಿ. ಹಸಿ ಮರಕ್ಕೆ ಕತ್ತಿ ಇಲ್ಲ. ಬಿದ್ದ ಮರ ಬಿದ್ದಲ್ಲೇ. ತರಗೆಲೆ ಗುಡಿಸುವಂತಿಲ್ಲ. ಅಡುಗೆ, ಬೆಂಕಿ, ಮೈಕು ಎಲ್ಲೆಯ ಹೊರಗೆ. ತರಗೆಲೆಯ ಮಾತು ಕೆಲವರಿಗೆ ವಿಚಿತ್ರ ಎನಿಸಬಹುದು. ಹಬ್ಬಕ್ಕೆ ಮುಂಚೆ ಇಡೀ ಕಾಡನ್ನು ಗುಡಿಸಿ ಚೊಕ್ಕ ಮಾಡುವುದು ಭಕ್ತಿಯ ಕೆಲಸವೆಂದೇ ನಡೆದಿದೆ. ಗುಡಿಸಿದರೆ ಬೀಜ ಹೋಗುತ್ತದೆ, ಮೊಳಕೆ ತುಳಿತಕ್ಕೆ ಸಿಗುತ್ತದೆ, ಮಣ್ಣು ಬಿಸಿಲಿಗೆ ಗಟ್ಟಿಯಾಗುತ್ತದೆ. ಮರಗಳೆಲ್ಲ ಮುದುಕರು, ಕೆಳಗೆ ಒಂದು ಮಗುವೂ ಇಲ್ಲ ಎಂಬ ಸ್ಥಿತಿಗೆ ಕಾಡು ಬರುವುದು ಹೀಗೆ. ದೇವರ ನಡೆಯ ಸುತ್ತ ಹತ್ತು ಮೀಟರ್ ಮತ್ತು ಕಾಲುದಾರಿ ಗುಡಿಸಿದರೆ ಸಾಕು.

ಬಿಡಿಸಿಕೊಂಡ ನೆಲದಲ್ಲಿ ನೆಡುವುದಿದ್ದರೆ ಸಿಲ್ವರ್ ಓಕ್, ಅಕೇಶಿಯಾ ಬೇಡ. ಒಳಗಾಡಿನ ಬೀಜವನ್ನೇ ಬಳಸಿ: ನಾಗಸಂಪಿಗೆ, ಸಾಲುಧೂಪ, ಹಲಸು, ಬೈನೆ. ಸಾಲುಧೂಪದ ಬೀಜವನ್ನು ಒಣಗಿಸಿ ಇಡಲಾಗದು. ಒಣಗಿದರೆ ಸಾಯುತ್ತದೆ, ಬಿದ್ದ ಕೆಲವೇ ದಿನಗಳಲ್ಲಿ ಹಸಿಯಾಗಿಯೇ ಚೀಲಕ್ಕೆ ಹಾಕಬೇಕು. ಸಸಿ ನೆರಳಲ್ಲಿ ಒಂದು ವರ್ಷ ಬೆಳೆದು ಮುಂದಿನ ಮಳೆಗೆ ನೆಲಕ್ಕೆ ಇಳಿಯಲಿ. ಲಂಟಾನವನ್ನು ಬೇರು ಸಮೇತ, ಅಂಚಿನಿಂದ ಶುರುಮಾಡಿ, ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಿರಿ. ಒಂದೇ ಸಲ ಬಯಲು ಮಾಡಿದರೆ ಬಿಸಿಲಿಗೆ ಅದೇ ಇಮ್ಮಡಿಯಾಗಿ ಬರುತ್ತದೆ.

ತಪ್ಪಿಗೆ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿರಬೇಕು. ಊರೂರುಗಳ ಸಾಮೂಹಿಕ ಆಸ್ತಿಗಳನ್ನು ಜಗತ್ತಿನಾದ್ಯಂತ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಗುರುತಿಸಿದ ಲಕ್ಷಣಗಳಲ್ಲಿ ಇದೂ ಒಂದು. ಮೊದಲ ತಪ್ಪಿಗೆ ದೊಡ್ಡ ದಂಡ ಹಾಕಿದ ಕಡೆ ಜನ ತಪ್ಪನ್ನು ಬಚ್ಚಿಡುತ್ತಾರೆ, ಸಾಕ್ಷಿಗಳು ಬಾಯಿ ಬಿಡುವುದಿಲ್ಲ. ಸಣ್ಣ ತಪ್ಪು ಮೊದಲ ಸಲವಾದರೆ ಇಬ್ಬರು ಹಿರಿಯರು ಮನೆಗೆ ಹೋಗಿ ಹೇಳಲಿ. ಎರಡನೆಯ ಸಲಕ್ಕೆ ಹತ್ತು ಸಸಿ ನೆಟ್ಟು ಎರಡು ಮಳೆಗಾಲ ನೋಡಿಕೊಳ್ಳುವ ಕೆಲಸ. ಮೂರನೆಯದಕ್ಕೆ ಹಬ್ಬದ ದಿನ ದೇವರ ನಡೆಯಲ್ಲಿ ತಪ್ಪು ಕಾಣಿಕೆ, ಮೊತ್ತ ಅವರವರ ಶಕ್ತಿಗೆ ತಕ್ಕಂತೆ. ಕೂಲಿಯವನಿಗೂ ಐವತ್ತು ಎಕರೆ ತೋಟದವನಿಗೂ ಒಂದೇ ದಂಡ ಹಾಕಿದರೆ ಸಮಾನತೆ ಆಗದು, ದೊಡ್ಡವನಿಗೆ ಅದು ಕಡಿಯಲು ಕಟ್ಟಿದ ಶುಲ್ಕ ಅಷ್ಟೇ. ಕಾಣಿಕೆ ಕಟ್ಟಿದವನಿಗೆ ಅದೇ ದಿನ ಪಂಕ್ತಿಯಲ್ಲಿ ಊಟ. ಬಹಿಷ್ಕಾರವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ಅನ್ಯಾಯ, ಮೇಲಾಗಿ ಹೊರಗೆ ಹಾಕಿದವನಿಗೆ ಊರಿನ ಕಾಡನ್ನು ಕಾಯಲು ಯಾವ ಕಾರಣವೂ ಉಳಿಯುವುದಿಲ್ಲ. ಆದರೆ ಹಸಿ ಮರ ಕಡಿಯುವುದು ಅರಣ್ಯಾಪರಾಧ. ಅದನ್ನು ಊರಲ್ಲೇ ತೀರಿಸುವ ಅಧಿಕಾರ ನಿಮಗಿಲ್ಲ, ವಲಯ ಕಚೇರಿಗೆ ತಿಳಿಸಲೇಬೇಕು.

ವಿಚಾರಣೆಯ ದಿನ, ಜಾಗ ನಿಶ್ಚಿತವಿರಲಿ. ಸ್ಪೇನಿನ ವೆಲೆನ್ಸಿಯಾದಲ್ಲಿ ರೈತರೇ ನಡೆಸುವ ನೀರಿನ ನ್ಯಾಯಾಲಯ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಅಲ್ಲಿನ ಪ್ರಧಾನ ಚರ್ಚಿನ ಬಾಗಿಲ ಮುಂದೆ ಸೇರುತ್ತದೆ. ಬಾಯಿಮಾತಿನ ವಿಚಾರಣೆ, ಅಲ್ಲೇ ತೀರ್ಪು. ತೀರ್ಪಿನಲ್ಲಿ ಧರ್ಮಗ್ರಂಥದ ಮಾತು ಬರುವುದಿಲ್ಲ. ಚರ್ಚು ಕೊಡುವುದು ಎಲ್ಲರಿಗೂ ಗೊತ್ತಿರುವ, ಯಾರೂ ಗಲಾಟೆ ಮಾಡಲು ಹಿಂಜರಿಯುವ ಒಂದು ಜಾಗವನ್ನು. ನಿಮ್ಮ ದೇವರ ನಡೆಯೂ ಇಷ್ಟು ಮಾಡಿಕೊಟ್ಟರೆ ಬೇಕಾದಷ್ಟಾಯಿತು. ದೇವರನ್ನು ನಂಬುವ ಹಿರಿಯರೂ ನಂಬದ ಹುಡುಗರೂ ಅಲ್ಲಿ ಒಟ್ಟಿಗೆ ನಿಲ್ಲಬಹುದು.

ಕಾಗದದ ಕೆಲಸದಲ್ಲಿ ಒಂದನ್ನು ಬಿಡಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಸಮುದಾಯ ಪರಂಪರೆಯಿಂದ ಕಾದುಕೊಂಡು ಬಂದ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕು ಇದೆ. ಹಕ್ಕು ಕೇಳುವುದು ನಮೂನೆ 'ಸಿ'ಯಲ್ಲಿ, ಗ್ರಾಮಸಭೆಯ ಮೂಲಕ. ಸಭೆಗೆ ಸದಸ್ಯರ ಅರ್ಧದಷ್ಟು ಕೋರಂ ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ಮತ್ತು ಅವಲಂಬನೆಯನ್ನು ತೋರಿಸಬೇಕು. ಪುರಾವೆಯಾಗಿ ಬರೆದುಕೊಂಡ ಹಿರಿಯರ ಹೇಳಿಕೆಯೂ ನಡೆಯುತ್ತದೆ, ಪವಿತ್ರ ಸ್ಥಳದಂಥ ನೆಲದ ಮೇಲಿನ ಗುರುತುಗಳೂ ನಡೆಯುತ್ತವೆ. ನಿಮ್ಮ ಅಯ್ಯಪ್ಪನ ಮುಂದಿನ ಹಳೆಯ ಮಣ್ಣಿನ ನಾಯಿಗಳ ರಾಶಿ ಇಲ್ಲಿ ಸಾಕ್ಷಿಯಾಗುತ್ತದೆ. ಜೀರ್ಣೋದ್ಧಾರದ ಹೆಸರಲ್ಲಿ ಅದನ್ನು ಎತ್ತಿ ಎಸೆಯದಂತೆ ಈಗಲೇ ಸಮಿತಿಗೆ ಹೇಳಿಡಿ, ಇದ್ದ ಜಾಗದಲ್ಲೇ ಫೋಟೋ ತೆಗೆಸಿ. ಹಿರಿಯರ ಹೇಳಿಕೆಗಳನ್ನೂ ಈ ಮಳೆಗಾಲದಲ್ಲೇ ಬರೆದುಕೊಳ್ಳಿ, ವಯಸ್ಸು ಕಾಯುವುದಿಲ್ಲ.

ಇನ್ನುಳಿದದ್ದು ನೋಟ. ಹಬ್ಬದ ಕಟ್ಟು ಹಾಕುವ ದಿನವೇ ಎಲ್ಲೆ ಸುತ್ತುವ ಪದ್ಧತಿ ಶುರುಮಾಡಿ. ಮುಂದೆ ತಕ್ಕರು, ಹಿಂದೆ ಊರು, ಕಲ್ಲಿನ ನಂಬರ್ ಕೂಗುವುದು ಶಾಲೆಯ ಮಕ್ಕಳು. ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಪ್ರತಿ ಕಲ್ಲಿಗೂ ಒಂದು ಸಾಲು: ಇದೆ, ವಾಲಿದೆ, ಕಾಣೆಯಾಗಿದೆ. ಜೊತೆಗೆ ಹೊಸ ಬುಡಗಳ ಎಣಿಕೆ, ಬಿದ್ದ ಮರಗಳ ಹೆಸರು. ನಕಲು ಮೂರು: ಒಂದು ತಕ್ಕರ ಮನೆಗೆ, ಒಂದು ಪಂಚಾಯಿತಿಗೆ, ಒಂದು ವಲಯ ಅರಣ್ಯ ಕಚೇರಿಗೆ. ಯಾವ ಕಲ್ಲು ಕಾಣೆಯಾಗಿದೆಯೋ ಅದರ ಪಕ್ಕದ ತೋಟದವರನ್ನು ಅಲ್ಲೇ ಕರೆದು, ಅವರ ಎದುರಿಗೇ ಬರೆದು, ಸಹಿ ಹಾಕಿಸಿ, ಕತ್ತಲಾಗುವ ಮುಂಚೆ ಹೊಸ ಕಲ್ಲು ನೆಡಿ. ಅದಕ್ಕಾಗಿ ಮೊದಲ ವರ್ಷವೇ ಹತ್ತು ಕಲ್ಲು ಹೆಚ್ಚಿಗೆ ಕೆತ್ತಿಸಿ ಇಟ್ಟುಕೊಳ್ಳಿ.